ಹಳೆಯ ಹಾರರ್ ಕಾಮಿಕ್ ಮುಖಪುಟದ ಫ್ರೇಮುಗಳು: ಚಿತ್ರ ಚೆನ್ನ, ಬೆನ್ನಿನ ಹಲಗೆ ಬದಲಿಸಿ

1950ರ ದಶಕದ ಅಮೆರಿಕದ ಹಾರರ್ ಕಾಮಿಕ್‌ಗಳ ಮುಖಪುಟಗಳು ಈಗ 12×16 ಇಂಚಿನ ಫ್ರೇಮಿನಲ್ಲಿ ಆನ್‌ಲೈನಿನಲ್ಲಿ ಸಿಗುತ್ತವೆ. ಕಪ್ಪು ಸಿಂಥೆಟಿಕ್ ಕಟ್ಟು, ಮುಂದೆ 2 ಮಿ.ಮೀ. ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್ ಹಾಳೆ), ಸುತ್ತ ಬಿಳಿ ಮೌಂಟ್ (ಚಿತ್ರದ ಸುತ್ತ ಕೂರುವ ದಪ್ಪ ಕಾಗದದ ಅಂಚು), ಹಿಂದೆ 3 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಮುದ್ರಣ ನಿಜಕ್ಕೂ ಚೆನ್ನಾಗಿದೆ. ಆದರೆ ಪೊಟ್ಟಣ ಬಿಚ್ಚಿ ಹಾಗೆಯೇ ಕಾಸರಗೋಡಿನ ಗೋಡೆಗೆ ತೂಗುಹಾಕಿದರೆ ಒಂದು ಮಳೆಗಾಲ ದಾಟುವುದೂ ಕಷ್ಟ.

ಚಿತ್ರದ ಗುಣ ನೋಡಲು ಒಂದು ಭೂತಗನ್ನಡಿ ಸಾಕು. ಆ ಕಾಲದ ಅಚ್ಚು ನಾಲ್ಕು ಬಣ್ಣದ್ದು. ಮುಖದ ಮೈಬಣ್ಣ ಎಂದು ಕಾಣುವುದು ತೆಳು ಹಳದಿಯ ಮೇಲೆ ಬಿದ್ದ ಕೆಂಪು ಚುಕ್ಕೆಗಳು. ಒಳ್ಳೆಯ ಪ್ರಿಂಟಿನಲ್ಲಿ ಕೆನ್ನೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ, ದುಂಡಗೆ ಕಾಣುತ್ತವೆ. ಕಳಪೆಯದರಲ್ಲಿ ಕಲಸಿಹೋಗಿರುತ್ತವೆ, ಇಲ್ಲವೇ ಸೀರೆಯ ನಿರಿಗೆಯಂಥ ಅಲೆ ಎದ್ದಿರುತ್ತದೆ. ಸಣ್ಣ ಸ್ಕ್ಯಾನನ್ನು ಹಿಗ್ಗಿಸಿದ್ದೇ ಅದಕ್ಕೆ ಕಾರಣ. ಮೂಲ ಪುಸ್ತಕ ಸುಮಾರು 7¾×10½ ಇಂಚು. ಅದನ್ನು 600 ಡಿಪಿಐನಲ್ಲಿ (ಇಂಚಿಗೆ 600 ಬಿಂದು) ಸ್ಕ್ಯಾನ್ ಮಾಡಿದ್ದರೆ ಈ ಅಳತೆಗೆ ಧಾರಾಳ. ಚುಕ್ಕೆಗಳನ್ನೆಲ್ಲ ಅಳಿಸಿ ನುಣ್ಣಗೆ ಬಣ್ಣ ಬಳಿದ 'ರಿಸ್ಟೋರ್ಡ್' ಪ್ರಿಂಟುಗಳನ್ನು ಕೊಳ್ಳಬೇಡಿ. ಹಳೆಯ ಅಚ್ಚಿನ ಜೀವವೇ ಆ ಚುಕ್ಕೆ.

ಇನ್ನು ಅಳತೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ನಾಲ್ಕೂ ಕಡೆ 1.5 ಇಂಚು ಮೌಂಟ್ ಕೊಟ್ಟರೆ ಉಳಿಯುವ ಕಿಂಡಿ 9×13. ಆ 13 ಇಂಚು ಎತ್ತರ ತುಂಬಲು ಮುಖಪುಟಕ್ಕೆ 9.6 ಇಂಚು ಅಗಲ ಬೇಕು, ಅಂದರೆ ಎರಡೂ ಬದಿ 0.3 ಇಂಚಿನಷ್ಟು ಕತ್ತರಿ ಬೀಳುತ್ತದೆ. ಆ ಕಾಲದ ಹಾರರ್ ಕಾಮಿಕ್ ಪ್ರಕಾಶಕರಾದ ಇಸಿ ಕಾಮಿಕ್ಸ್‌ನ ಹಲವು ಸಂಚಿಕೆಗಳ ಎಡಬದಿಯಲ್ಲಿ ಕಥೆ ಹೇಳುವ ವಿಕಾರ ಪಾತ್ರಗಳ ಮುಖಗಳು ದುಂಡು ಚೌಕಟ್ಟಿನಲ್ಲಿವೆ. ಆ ದುಂಡಿನ ಅಂಚೇ ಹಾರಿಹೋಗುತ್ತದೆ. ಇಸಿಯ ಕಲಾವಿದ ಗ್ರಹಾಂ ಇಂಗಲ್ಸ್ ಬರೆದ ಚಿತ್ರವಾದರೆ 'ಗ್ಯಾಸ್ಟ್‌ಲಿ' ಎಂಬ ಸಹಿ ಪೂರ್ತಿ ಇದೆಯೇ ಎಂದೂ ನೋಡಿ. ಬದಿಗೆ 1.5, ಮೇಲೆ ಕೆಳಗೆ 1.9 ಇಂಚು ಮೌಂಟ್ ಕೇಳಿದರೆ ಚಿತ್ರ ಇಡಿಯಾಗಿ ಕೂರುತ್ತದೆ.

1954ರಲ್ಲಿ ಕಾಮಿಕ್ಸ್ ಕೋಡ್ ಎಂಬ, ಪ್ರಕಾಶಕರೇ ಮಾಡಿಕೊಂಡ ನಿಯಮಾವಳಿ ಬಂದು, ಹೆಸರಿನಲ್ಲಿ 'ಹಾರರ್', 'ಟೆರರ್' ಎಂಬ ಪದಗಳಿಗೇ ನಿಷೇಧ ಬಿತ್ತು. ಹಾಗಾಗಿ 1952ರದ್ದು ಎನ್ನುವ ಮುಖಪುಟದ ಮೇಲೆ ಈ 1954ರ ಕೋಡಿನ ಮುದ್ರೆ ಕಂಡರೆ ಒಂದೋ ಇಸವಿ ತಪ್ಪು, ಇಲ್ಲವೇ ಅದು ಈಚೆಗೆ ಜೋಡಿಸಿದ ಚಿತ್ರ.

ನಮ್ಮ ಹವೆಯಲ್ಲಿ ಕೈಕೊಡುವುದು ಹಿಂಭಾಗ. ಎಂಡಿಎಫ್ ತೇವ ಹೀರಿ ಉಬ್ಬುತ್ತದೆ, ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿಯುವ ಹೊತ್ತಿಗೆ ಮೂಲೆಗಳಲ್ಲಿ ಬೂಷ್ಟು. ಪ್ರಿಂಟಿನ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿರುವುದು ಇನ್ನೊಂದು ತಪ್ಪು: ತೇವಕ್ಕೆ ಕಾಗದ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದೆ ಅಲೆಅಲೆಯಾಗಿ ಏಳುತ್ತದೆ. ಎದ್ದ ಕಡೆ ಅಕ್ರಿಲಿಕ್‌ಗೆ ತಾಗಿದರೆ ಶಾಯಿ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಮೌಂಟ್ ಇದ್ದರೆ ಕಾಗದಕ್ಕೂ ಅಕ್ರಿಲಿಕ್‌ಗೂ ನಡುವೆ ಸಂದು ಉಳಿಯುತ್ತದೆ; ಮೌಂಟ್ ಇಲ್ಲದ ಮಾದರಿ ಬೇಡ ಎನ್ನುವುದು ಇದಕ್ಕೇ.

ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಇದನ್ನು ಸರಿಪಡಿಸಬಹುದು. ಎಂಡಿಎಫ್ ತೆಗೆಸಿ 5 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ಹಾಕಿಸಿ. ಪ್ರಿಂಟನ್ನು ಮೇಲಂಚಿನಲ್ಲಿ ಎರಡೇ ಕಡೆ, ಆಮ್ಲವಿಲ್ಲದ ಕಾಗದದ ಟೇಪಿನಿಂದ ತೂಗುಬಿಡಬೇಕು; ಸೆಲ್ಲೋಟೇಪ್ ಹಳದಿಯಾಗಿ ಕಾಗದಕ್ಕೂ ಕಲೆ ಇಳಿಸುತ್ತದೆ. ಹಿಂದಿನ ಸಂದು ಪೂರ್ತಿ ಮುಚ್ಚುವಂತೆ ಕಂದು ಟೇಪ್ ಸುತ್ತಿದರೆ ಕಾಗದ ತಿನ್ನುವ ಹುಳ ಒಳಹೋಗದು. ಕೆಲಸವನ್ನು ಬಿಸಿಲಿನ ದಿನವೇ ಮಾಡಿಸಿ, ಮಳೆಯಲ್ಲಿ ಮುಚ್ಚಿದರೆ ತೇವವೂ ಒಳಗೇ ಉಳಿಯುತ್ತದೆ. ಅಕ್ರಿಲಿಕ್ ಒರೆಸಲು ಕನ್ನಡಿಯ ಸ್ಪ್ರೇ ಬಳಸಬೇಡಿ, ಮಬ್ಬಾಗುತ್ತದೆ. ಒದ್ದೆ ಹತ್ತಿಬಟ್ಟೆ ಸಾಕು.

ಕಡಲ ಕಡೆಯಿಂದ ಇರಿಚಲು ಹೊಡೆಯುವ ಪಶ್ಚಿಮದ ಹೊರಗೋಡೆ ಬಿಟ್ಟು ಒಳಗೋಡೆ ಆರಿಸಿ. ಕೆಂಪುಕಲ್ಲಿಗೆ ಬರೀ ಮೊಳೆ ಹೊಡೆದರೆ ಪುಡಿ ಉದುರಿ ಸಡಿಲವಾಗುತ್ತದೆ. 6 ಮಿ.ಮೀ. ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ತಿರುಗಿಸಿ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಬುಟು ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡುತ್ತದೆ.