ಎಫ್‌ಡಿ, ಬಾಂಡ್ ಫಂಡ್, ಇಂಡೆಕ್ಸ್ ಫಂಡ್, ಸಾಲದ ಅಸಲು: ನಾಲ್ಕರಲ್ಲೂ ದುಡ್ಡು ಹಾಕಿ ನೋಡಿದೆ

ಕಳೆದ ಕೆಲವು ವರ್ಷಗಳಲ್ಲಿ ನನ್ನ ಉಳಿತಾಯ ನಾಲ್ಕು ಕಡೆ ಹಂಚಿಹೋಗಿತ್ತು. ಬ್ಯಾಂಕಿನ ಎಫ್‌ಡಿ, ದೀರ್ಘಾವಧಿ ಬಾಂಡ್ ಫಂಡ್ (ಬಾಂಡ್ ಅಂದ್ರೆ ಸಾಲಪತ್ರ), ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್, ಮತ್ತೆ ಮನೆ ಸಾಲದ ಅಸಲು. ಕೊನೆಯದನ್ನು ಹೂಡಿಕೆ ಅಂತ ಯಾರೂ ಕರೆಯುವುದಿಲ್ಲ. ನಾನು ಕರೆಯುತ್ತೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಪರೀಕ್ಷೆಗೆ ಕಾಲವೂ ಸರಿಯಾಗಿ ಕೂಡಿಬಂತು. 2020ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ದರವನ್ನು ಸೊನ್ನೆಯ ಹತ್ತಿರಕ್ಕೆ ತಂದಿತ್ತು. 2022ರ ಮಾರ್ಚ್‌ನಲ್ಲಿ ಏರಿಸಲು ಶುರು ಮಾಡಿ 2023ರ ಜುಲೈ ಹೊತ್ತಿಗೆ ಶೇ. 5.25–5.5ರ ಮಟ್ಟಕ್ಕೆ ಮುಟ್ಟಿಸಿತು. ಅಲ್ಲಿ ದರ ಏರಿದರೆ ಉಳಿದ ದೇಶಗಳಿಗೂ ಬಿಸಿ ತಟ್ಟದೇ ಇರುವುದಿಲ್ಲ. ತಮಾಷೆ ಏನಪ್ಪಾ ಅಂದ್ರೆ, 2021ರ ಡಿಸೆಂಬರ್‌ನಲ್ಲಿ ಅದೇ ಫೆಡರಲ್ ರಿಸರ್ವ್‌ನ ಅಧಿಕಾರಿಗಳು 2022ರ ಕೊನೆಗೆ ದರ ಶೇ. 0.9ರ ಆಸುಪಾಸು ಇರಬಹುದು ಅಂತ ಅಂದಾಜು ಕೊಟ್ಟಿದ್ದರು. ಆ ವರ್ಷ ಮುಗಿದಾಗ ಅದು ಶೇ. 4.25 ದಾಟಿತ್ತು. ದರ ನಿಗದಿ ಮಾಡುವವರ ಅಂದಾಜೇ ಇಷ್ಟು ತಪ್ಪಿದ ಮೇಲೆ, ಟಿವಿಯಲ್ಲಿ ಕೂತು ಮುಂದಿನ ವರ್ಷದ ದರ ಹೇಳುವವರನ್ನು ನಾನು ಕೇಳುವುದೇ ಬಿಟ್ಟೆ.

ಮೊದಲು ಬಾಂಡ್ ಫಂಡ್ ವಿಷಯ, ಯಾಕಂದ್ರೆ ಜನರಿಗೆ ಗೊಂದಲ ಜಾಸ್ತಿ ಇರುವುದು ಇಲ್ಲೇ. 'ಸರ್ಕಾರದ ಬಾಂಡ್, ಸೇಫ್' ಅಂತಾರೆ. ಸರ್ಕಾರ ದುಡ್ಡು ಕೊಡದೇ ಓಡಿಹೋಗಲ್ಲ ಅನ್ನುವ ಮಟ್ಟಿಗೆ ಅದು ಸರಿ. ಆದರೆ ಬಾಂಡಿನ ಬೆಲೆ ಮತ್ತು ಬಡ್ಡಿ ದರ ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ: ಹೊಸ ಬಾಂಡ್ ಜಾಸ್ತಿ ಬಡ್ಡಿ ಕೊಡುವಾಗ ಹಳೆಯದನ್ನು ಹಳೇ ಬೆಲೆಗೆ ಯಾರೂ ಕೊಳ್ಳಲ್ಲ. ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಫಂಡಿನ ಮಾಹಿತಿ ಹಾಳೆಯಲ್ಲಿ 'ಡ್ಯುರೇಷನ್' ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು ನೋಡಿದರೆ ಸಾಕು. ಅದು 7 ಇದ್ದು ದರ, ಉದಾಹರಣೆಗೆ, ಶೇ. 6ರಿಂದ 7ಕ್ಕೆ ಏರಿದರೆ ಫಂಡಿನ ಬೆಲೆ ಸುಮಾರು ಶೇ. 7ರಷ್ಟು ಇಳಿಯುತ್ತದೆ. ಆಸ್ಟ್ರಿಯಾ ಸರ್ಕಾರ 2020ರಲ್ಲಿ ಶೇ. 0.85 ಬಡ್ಡಿಗೆ ನೂರು ವರ್ಷದ ಬಾಂಡ್ ಮಾರಿತ್ತು, ದರ ಏರಿದ ಮೇಲೆ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಹೋಯಿತು. ಆಸ್ಟ್ರಿಯಾಕ್ಕೆ ಏನೂ ಆಗಿರಲಿಲ್ಲ, ಬಡ್ಡಿ ಸರಿಯಾಗೇ ಕಟ್ಟುತ್ತಿತ್ತು. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದರ ಹಿಂದೆಯೂ ಇದೇ ಲೆಕ್ಕ ಇತ್ತು. ಅವರ ಹತ್ತಿರ ಇದ್ದದ್ದು ಒಳ್ಳೆಯ ಬಾಂಡ್‌ಗಳೇ, ಆದರೆ ಠೇವಣಿದಾರರು ಒಟ್ಟಿಗೆ ಬಂದು ದುಡ್ಡು ಕೇಳಿದಾಗ ಅವನ್ನು ನಷ್ಟಕ್ಕೆ ಮಾರಬೇಕಾಯಿತು.

ನನ್ನ ಬಾಂಡ್ ಫಂಡೂ ಇಳಿಯಿತು. ನಾನು ಮಾರಲಿಲ್ಲ, ಯಾಕಂದ್ರೆ ಇಳಿದ ಫಂಡ್ ಆಮೇಲೆ ಹೊಸ ಜಾಸ್ತಿ ದರದ ಬಾಂಡ್‌ಗಳನ್ನು ಕೊಳ್ಳುತ್ತಾ ಹೋಗುತ್ತದೆ, ಸರಿಸುಮಾರು ಡ್ಯುರೇಷನ್‌ನಷ್ಟು ವರ್ಷ ಕಾದರೆ ಪೆಟ್ಟು ತುಂಬಿಕೊಳ್ಳುತ್ತದೆ. ಏಳು ವರ್ಷ ಕಾಯುವ ದುಡ್ಡಾಗಿದ್ದರೆ ಪರವಾಗಿಲ್ಲ. ಎರಡು ವರ್ಷಕ್ಕೆ ಬೇಕಾದ ದುಡ್ಡಾಗಿದ್ದರೆ ಈ ಫಂಡ್‌ನಲ್ಲಿ ಇಡಬಾರದು, ಅಷ್ಟೇ. ಇನ್ನೊಂದು ಮಾತು. ಕೇಂದ್ರ ಬ್ಯಾಂಕ್ ದರ ಇಳಿಸಿದ ಕೂಡಲೇ ಬಾಂಡ್ ಏರುತ್ತದೆ ಅನ್ನುವುದನ್ನೂ ನಂಬಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ರಿಸರ್ವ್ ದರ ಇಳಿಸಿತು, ಆದರೆ ಮುಂದಿನ ಕೆಲವು ತಿಂಗಳು ಹತ್ತು ವರ್ಷದ ಅಮೆರಿಕದ ಬಾಂಡಿನ ಮಾರುಕಟ್ಟೆ ಬಡ್ಡಿ ಏರುತ್ತಲೇ ಹೋಯಿತು, ಅಂದ್ರೆ ಬೆಲೆ ಇಳಿಯಿತು. ಕೇಂದ್ರ ಬ್ಯಾಂಕಿನ ಕೈಯಲ್ಲಿರುವುದು ಚಿಕ್ಕ ಅವಧಿಯ ದರ. ಉದ್ದ ಅವಧಿಯದ್ದನ್ನು ಹೆಚ್ಚಾಗಿ ಮಾರುಕಟ್ಟೆಯೇ ಹೇಳುತ್ತದೆ.

ಎಫ್‌ಡಿಗೆ ಈ ತಲೆನೋವು ಇಲ್ಲ, ಬೆಲೆ ದಿನಾ ಕಣ್ಣಿಗೆ ಬೀಳುವುದಿಲ್ಲವಲ್ಲ. ಹಣದುಬ್ಬರ ಒಳಗೊಳಗೇ ತಿನ್ನುತ್ತಿರುತ್ತದೆ, ಅದು ಬೇರೆ ಮಾತು. ಒಂದೇ ದೊಡ್ಡ ಎಫ್‌ಡಿ ಮಾಡಿದರೆ ದರ ಏರಿದಾಗ ಹಳೆಯ ದರಕ್ಕೆ ಸಿಕ್ಕಿಬೀಳುತ್ತೀರಿ, ಚಿಕ್ಕ ಅವಧಿಗೇ ಮಾಡುತ್ತಾ ಹೋದರೆ ದರ ಇಳಿದಾಗ ಕೈ ಖಾಲಿ. ನಾನು ಒಂದೇ ಮೊತ್ತವನ್ನು ಒಂದು, ಎರಡು, ಮೂರು ವರ್ಷಕ್ಕೆ ಒಡೆದು ಇಟ್ಟೆ. ಪ್ರತಿ ವರ್ಷ ಒಂದು ಮುಗಿಯುತ್ತದೆ, ಅದನ್ನು ಮತ್ತೆ ಮೂರು ವರ್ಷಕ್ಕೆ ಹಾಕುವುದು. ತುರ್ತಿಗೆ ಬೇಕಾದರೆ ಒಂದನ್ನು ಮಾತ್ರ ಮುರಿದರೆ ಸಾಕು, ದಂಡವೂ ಅದಕ್ಕೆ ಮಾತ್ರ. ಬೋರಿಂಗ್ ಅಲ್ವಾ? ಆದರೆ ನಾಲ್ಕರಲ್ಲಿ ನನಗೆ ನಿದ್ದೆ ಕೊಟ್ಟಿದ್ದು ಇದೇ.

ಇಂಡೆಕ್ಸ್ ಫಂಡ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಷೇರು ಬಿದ್ದಾಗ ಬಾಂಡ್ ಕಾಪಾಡುತ್ತದೆ ಅಂತ ಪುಸ್ತಕದಲ್ಲಿ ಇರುತ್ತದೆ, 2008ರಲ್ಲಿ ಹಾಗೇ ಆಯಿತು ಕೂಡ. 2022ರಲ್ಲಿ ಎರಡೂ ಒಟ್ಟಿಗೆ ಬಿದ್ದವು. ಅಮೆರಿಕದ ಷೇರು ಸೂಚ್ಯಂಕ ಎಸ್ ಆಂಡ್ ಪಿ 500 ಸುಮಾರು ಶೇ. 19ರಷ್ಟು ಇಳಿಯಿತು, ಅಮೆರಿಕದ ಬಾಂಡ್ ಸೂಚ್ಯಂಕವೂ ಶೇ. 13ರಷ್ಟು. ಭಯ ಹಣದುಬ್ಬರದ್ದಾಗಿದ್ದರೆ ಎರಡಕ್ಕೂ ಏಟು ಬೀಳುತ್ತದೆ. ಮರುವರ್ಷ ಷೇರು ಚೇತರಿಸಿಕೊಂಡಿತು, ಬಾಂಡ್ ಅಷ್ಟು ಬೇಗ ಏಳಲಿಲ್ಲ.

ಈಗ ಸಾಲದ ಅಸಲು. ಬದಲಾಗುವ ಬಡ್ಡಿ ದರದ ಸಾಲ ಇದ್ದರೆ ಈ ಲೆಕ್ಕ ಒಮ್ಮೆ ನೀವೇ ಮಾಡಿ ನೋಡಿ. 20 ವರ್ಷಕ್ಕೆ ಶೇ. 8ರ ಸಾಲ ತೆಗೆದರೆ ಮೊದಲ ಕಂತಿನಲ್ಲಿ ನೂರಕ್ಕೆ ಸುಮಾರು 80 ಬಡ್ಡಿಗೇ ಹೋಗುತ್ತದೆ. ಶುರುವಿನಲ್ಲೇ ದರ ಶೇ. 9.5 ಆಗಿ, ಬ್ಯಾಂಕಿನವರು ಕಂತು ಏರಿಸದೆ ಅವಧಿ ಮಾತ್ರ ಎಳೆದರೆ, 20 ವರ್ಷದ ಸಾಲ ಸುಮಾರು 31 ವರ್ಷ ಆಗುತ್ತದೆ. ಕಂತು ಅಷ್ಟೇ ಇರುವುದರಿಂದ ಜನ ಗಮನಿಸುವುದೇ ಇಲ್ಲ! ಇಂಥ ಹೊತ್ತಲ್ಲಿ ಅಸಲಿಗೆ ಕಟ್ಟಿದ ಪ್ರತಿ ರೂಪಾಯಿ ಶೇ. 9.5ನ್ನು ಖಾತ್ರಿಯಾಗಿ ಉಳಿಸುತ್ತದೆ, ಆ ಉಳಿತಾಯಕ್ಕೆ ಸಾಮಾನ್ಯವಾಗಿ ತೆರಿಗೆಯೂ ಇಲ್ಲ. ಅಷ್ಟು ಖಾತ್ರಿ ಕೊಡುವ ಎಫ್‌ಡಿ ಎಲ್ಲಿದೆ ಹೇಳಿ. ಕೊರತೆ ಒಂದೇ, ಕಟ್ಟಿದ ದುಡ್ಡು ಬೇಕಾದಾಗ ವಾಪಸ್ ಬರಲ್ಲ.

ಆ ಒಂದು ಕೊರತೆಯನ್ನು ಹಗುರವಾಗಿ ನೋಡಬೇಡಿ. ದರ ಏರಿ ಆರ್ಥಿಕತೆ ಬಿಗಿಯಾದಾಗಲೇ ಕಂಪನಿಗಳು ಜನರನ್ನು ಮನೆಗೆ ಕಳಿಸುವುದು, ಷೇರು ಬೀಳುವುದೂ ಹೆಚ್ಚಾಗಿ ಆಗಲೇ. ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಇದ್ಯಾವುದನ್ನೂ ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ನಾನೀಗ ಯಾವುದು ಜಾಸ್ತಿ ಕೊಡುತ್ತದೆ ಅನ್ನುವುದಕ್ಕಿಂತ ಮೊದಲು, ಈ ದುಡ್ಡು ಯಾವಾಗ ಬೇಕು ಅಂತ ಕೇಳಿಕೊಳ್ಳುತ್ತೇನೆ. ಮೂರು ವರ್ಷದೊಳಗೆ ಬೇಕಾದದ್ದು ಒಡೆದಿಟ್ಟ ಎಫ್‌ಡಿಗಳಲ್ಲಿ. ಹತ್ತು ವರ್ಷ ಮುಟ್ಟದೇ ಇರುವುದು ಇಂಡೆಕ್ಸ್ ಫಂಡ್‌ನಲ್ಲಿ. ಒಂದು ವರ್ಷದ ಮನೆ ಖರ್ಚು ಕೈಯಲ್ಲಿದ್ದರೆ ಮಾತ್ರ ಬೋನಸ್ ಸಾಲಕ್ಕೆ, ಇಲ್ಲದಿದ್ದರೆ ಇಲ್ಲ. ಬಾಂಡ್ ಫಂಡ್‌ಗೆ ಹೊಸದಾಗಿ ಏನೂ ಹಾಕುತ್ತಿಲ್ಲ, ಇದ್ದದ್ದು ಹಾಗೇ ಇದೆ, ಅದರ ಏಳು ವರ್ಷ ಮುಗಿಯಲಿ.