ಘಟ್ಟದ ರಸ್ತೆಗೆ ಹಳೆಯ ಬಲೆನೊ ಆರ್‌ಎಸ್: ಕೆಲವು ಮಳೆಗಾಲಗಳ ಬಳಕೆಯ ನಂತರ

ಮೊದಲ ಕಾರು ಕೊಳ್ಳುವವರಿಗೆ ಶಿವಮೊಗ್ಗದಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹೊಸದನ್ನೇ ಕೊಳ್ಳಿ, ಚಿಕ್ಕದನ್ನೇ ಕೊಳ್ಳಿ, ಮೈಲೇಜ್ ನೋಡಿ ಕೊಳ್ಳಿ. ನಾನು ಕೊಂಡದ್ದು 2017ರ ಮಾರುತಿ ಸುಜುಕಿ ಬಲೆನೊ ಆರ್‌ಎಸ್. ಅದು ಹಳೆಯದು, ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವಂಥದು, ಮಾರಾಟ ನಿಂತುಹೋಗಿರುವಂಥದು. ವಾರದ ದಿನಗಳಲ್ಲಿ ವಿನೋಬನಗರದಿಂದ ಕಚೇರಿಗೆ, ರಜೆ ಬಂದರೆ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ, ನಡುನಡುವೆ ಆಗುಂಬೆ ಘಟ್ಟ ಇಳಿದು ಉಡುಪಿಗೆ ಓಡಾಡುತ್ತಾ ಕೆಲವು ಮಳೆಗಾಲಗಳನ್ನು ಕಂಡಿರುವ ಈ ಕಾರಿನ ಬಗ್ಗೆ, ಇಂಥದ್ದೊಂದನ್ನು ಕೊಳ್ಳಬೇಕೆಂದಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ವೇಗದ ಕಾರಿನ ವಿಮರ್ಶೆಯಲ್ಲಿ ವೇಗಕ್ಕಿಂತ ನೀರಿನ ಮಾತೇ ಹೆಚ್ಚಾಗಿದೆ ಎನ್ನಿಸಬಹುದು. ಮಲೆನಾಡಿನಲ್ಲಿ ಇಂಥ ಕಾರಿನ ಖರ್ಚನ್ನು ನಿರ್ಧರಿಸುವುದು ನೀರೇ ಆದ್ದರಿಂದ ಅದು ಅನಿವಾರ್ಯ.

ಈ ಮಾದರಿ ಮಾರುಕಟ್ಟೆಗೆ ಬಂದದ್ದು 2017ರ ಮಾರ್ಚ್‌ನಲ್ಲಿ, ದೆಹಲಿಯ ಎಕ್ಸ್‌ಶೋರೂಂ ದರ 8.69 ಲಕ್ಷ ರೂಪಾಯಿಗೆ. ಸಾಮಾನ್ಯ ಬಲೆನೊದ 1.2 ಲೀಟರ್ ಪೆಟ್ರೋಲ್ ಇಂಜಿನ್ 115 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದ್ದ ಕಾಲದಲ್ಲಿ ಇದಕ್ಕೆ 998 ಸಿಸಿಯ, ಮೂರು ಸಿಲಿಂಡರಿನ ಬೂಸ್ಟರ್‌ಜೆಟ್ ಟರ್ಬೊ ಇಂಜಿನ್ ಕೂರಿಸಲಾಗಿತ್ತು. ಶಕ್ತಿ ಸುಮಾರು 102 ಪಿಎಸ್, ಟಾರ್ಕ್ 150 ಎನ್‌ಎಂ, ತೂಕ 950 ಕಿಲೋ, ಐದು ಗೇರಿನ ಮ್ಯಾನ್ಯುಯಲ್, ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕ್. ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬರುವ ಹೊತ್ತಿಗೆ, 2020ರ ಆರಂಭದಲ್ಲಿ, ಮಾರಾಟ ನಿಂತಿತು.

ನನ್ನ ಪಟ್ಟಿಯಲ್ಲಿ ಇನ್ನೆರಡು ಕಾರುಗಳಿದ್ದವು. ತಾನಾಗಿಯೇ ಗೇರ್ ಬದಲಿಸುವ, ಏಳು ಗೇರಿನ ಡಿಎಸ್‌ಜಿ ಇರುವ 1.2 ಲೀಟರಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಹೆದ್ದಾರಿಯಲ್ಲಿ ಬಲೆನೊಗಿಂತ ಗಟ್ಟಿಯಾಗಿ ನಿಲ್ಲುತ್ತದೆ. 1.4 ಲೀಟರಿನ, 145 ಎಚ್‌ಪಿಯ ಅಬಾರ್ತ್ ಪುಂಟೊ ಮುಂದೆ ಉಳಿದೆರಡೂ ಮಂಕು. ಆದರೆ ಪುಂಟೊ ತಯಾರಿಸಿದ ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರುವುದನ್ನೇ ಬಿಟ್ಟಿದೆ, ಪೋಲೊ ಮಾರಾಟವೂ 2022ರಲ್ಲಿ ನಿಂತಿತು. ಡಿಎಸ್‌ಜಿಯಂಥ ಗೇರ್‌ಬಾಕ್ಸ್ ಬಿಚ್ಚುವ ಕೈ ಹುಡುಕಿಕೊಂಡು ಪ್ರತಿ ಸಲ ಬೆಂಗಳೂರಿಗೋ ಮಂಗಳೂರಿಗೋ ಹೋಗುವುದು ಮೊದಲ ಕಾರಿನವನಿಗೆ ಸಾಧ್ಯವಿಲ್ಲದ ಮಾತು. ಬಲೆನೊ ಆರ್‌ಎಸ್‌ನ ಬಾಗಿಲು, ಗಾಜು, ಸಸ್ಪೆನ್ಷನ್, ಎಸಿ ಇವೆಲ್ಲ ಬಹುಪಾಲು ಸಾಮಾನ್ಯ ಬಲೆನೊದ್ದೇ ಆಗಿರುವುದರಿಂದ ಬಿ.ಎಚ್. ರಸ್ತೆಯ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತವೆ. ಇಂಜಿನ್ ಮಾತ್ರ ಆಗ ಜಪಾನಿನಿಂದ ಆಮದಾಗಿ ಬರುತ್ತಿದ್ದುದು, ಅದರ ಭಾಗಗಳನ್ನು ಆರ್ಡರ್ ಹಾಕಿ ಕಾಯಬೇಕು. ಕಾರಿನ ಆಯ್ಕೆಯಲ್ಲಿ ನನಗೆ ಕೊನೆಗೆ ಮುಖ್ಯವೆನಿಸಿದ್ದು ಇಷ್ಟೇ: ಊರಿನಲ್ಲಿ ಇದರ ಬಾನೆಟ್ ಎತ್ತುವವರು ಯಾರು ಎಂಬುದು.

ಬೆಂಗಳೂರಿನಲ್ಲಿ ಕಾರು ನೋಡಲು ಹೋಗುವಾಗ ನಮ್ಮ ಮನೆಯ ಪಿಕಪ್ ನೋಡಿಕೊಳ್ಳುವ ತೀರ್ಥಹಳ್ಳಿಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಮಾರುವವರು ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಲು ಹೊರಟರೆ ಇವರು, “ಬಾನೆಟ್ ಆಮೇಲೆ ತೆಗೀರಿ ಮಾರಾಯ್ರೆ, ಮೊದ್ಲು ಮ್ಯಾಟ್ ಎತ್ತಿ” ಎಂದರು. ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಮೇಲೆ ಹಾಳೆ ಒತ್ತಿ ತೇವ ನೋಡಿದರು. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಣಿಗೆ ಬೆರಳಾಡಿಸಿ ಮೂಸಿದರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು, ಸುರುಳಿಯೊಳಗೆ ಅಡಗಿರುವ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದರು. ನೀರಿನಲ್ಲಿ ಮುಳುಗಿದ ಕಾರಿನ ಸೀಟು, ಕಾರ್ಪೆಟ್ ಎಲ್ಲವನ್ನೂ ತೊಳೆದು ಒಣಗಿಸಿ ಮಾರುತ್ತಾರೆ, ಬೆಲ್ಟಿನ ಒಳಸುತ್ತನ್ನು ತೊಳೆಯುವವರು ಕಡಿಮೆ. ಇದಾದ ಮೇಲೆಯೇ ಅವರು ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದ್ದು, ಟರ್ಬೊದಿಂದ, ಅದರ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಸಡಿಲಿಸಿ ಒಳಗೆ ಆಯಿಲ್ ನಿಂತಿದೆಯೇ ಎಂದು ಪರೀಕ್ಷಿಸಿದ್ದು. ತೆಳುವಾದ ಆಯಿಲ್ ಪಸೆ ಇದ್ದರೆ ಚಿಂತೆಯಿಲ್ಲ, ಸುರಿಯುವಷ್ಟಿದ್ದರೆ ಕೈಮುಗಿದು ಹೊರಡಬೇಕು ಎಂಬುದು ಅವರ ಅಭಿಪ್ರಾಯ. ಇಂಜಿನ್ನಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕುವಾಗ ದೋಷದ ಕೋಡ್ ಇಲ್ಲವೆಂದು ಸಮಾಧಾನಪಡುವುದರ ಜೊತೆಗೆ, ಆ ಕೋಡ್‌ಗಳನ್ನು ಇತ್ತೀಚೆಗೆ ಅಳಿಸಲಾಗಿದೆಯೇ ಎಂಬುದನ್ನೂ ನೋಡುವುದು ಒಳ್ಳೆಯದು.

ಈ ಕಾರಿಗೇ ಸಂಬಂಧಿಸಿದ ಇನ್ನೊಂದು ವಿಚಾರಣೆ ಕಡ್ಡಾಯ. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರ ನಡುವೆ ತಯಾರಾದ 7,213 ಬಲೆನೊ ಆರ್‌ಎಸ್ ಕಾರುಗಳನ್ನು, ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ (ನಿರ್ವಾತ) ಪಂಪಿನ ಸಲುವಾಗಿ, ಕಂಪನಿ 2023ರ ಏಪ್ರಿಲ್‌ನಲ್ಲಿ ಹಿಂದಕ್ಕೆ ಕರೆದು ಉಚಿತವಾಗಿ ಸರಿಪಡಿಸಿಕೊಡುವುದಾಗಿ ಪ್ರಕಟಿಸಿತ್ತು. ಪಂಪ್ ಕೈಕೊಟ್ಟರೆ ಬ್ರೇಕ್ ಹಿಡಿಯುತ್ತದೆ, ಆದರೆ ಪೆಡಲನ್ನು ಬಹಳ ಜೋರಾಗಿ ಒತ್ತಬೇಕಾಗುತ್ತದೆ. ಟರ್ಬೊ ಗಾಳಿ ತುಂಬುವಾಗ ಇಂಜಿನ್ನಿಗೆ ಗಾಳಿ ಒಳಸೇರುವ ಇನ್‌ಟೇಕ್‌ನಲ್ಲಿ ನಿರ್ವಾತ ಉಳಿಯದ ಕಾರಣ ಇಂಥ ಇಂಜಿನ್‌ಗಳಿಗೆ ಪ್ರತ್ಯೇಕ ಪಂಪ್ ಬೇಕಾಗುತ್ತದೆ. ಚಾಸಿಸ್ ನಂಬರ್ ಕೊಟ್ಟು ಆ ಕೆಲಸ ಮುಗಿದಿದೆಯೇ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಮುಂಗಡ ಕೊಡುವುದು ವಾಸಿ. ಘಟ್ಟ ಇಳಿಯುವವರಿಗಂತೂ ಇದರಲ್ಲಿ ರಾಜಿ ಇಲ್ಲ.

ಕಾಗದಪತ್ರದ ಕೆಲಸ ಕಷ್ಟವೇನಲ್ಲ. ರಾಜ್ಯದೊಳಗಿನ ಗಾಡಿಯಾದ್ದರಿಂದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಫಾರಂ 29 ಮತ್ತು 30, ಮೊದಲಿನವರ ಸಾಲವಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಸರಿಯಾಗಿದ್ದರೆ ಹೆಸರು ಬದಲಾಗುತ್ತದೆ. ವಿಮೆಯನ್ನು 14 ದಿನಗಳೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್ ಮಾತ್ರ ಮಾರಿದವರ ಜೊತೆಗೇ ಹೋಗುತ್ತದೆ. 998 ಸಿಸಿ ಆಗಿರುವುದರಿಂದ ಈ ಕಾರು ಥರ್ಡ್ ಪಾರ್ಟಿ ವಿಮೆಯ ಅತಿ ಕೆಳಗಿನ ದರಕ್ಕೆ, ಅಂದರೆ 2022ರಲ್ಲಿ ನಿಗದಿಯಾದ ಪ್ರಕಾರ ವರ್ಷಕ್ಕೆ 2,094 ರೂಪಾಯಿಗೆ ಸೇರುತ್ತದೆ. ಇದಕ್ಕಿಂತ ನಿಧಾನವಾಗಿ ಓಡುವ 1.2 ಲೀಟರಿನ ಕಾರಿಗೆ 3,416 ರೂಪಾಯಿ. ಅಪ್ಪಯ್ಯ ಈ ಕಾರಿನ ಬಗ್ಗೆ ಮೆಚ್ಚಿ ಆಡಿದ ಮೊದಲ ಮಾತು ಇದೇ ವಿಷಯಕ್ಕೆ.

ಓಡಿಸುವ ಬಗ್ಗೆ ಹೇಳುವುದಾದರೆ, ಇದರ ಗುಣ ಮೇಲಿನ ವೇಗದಲ್ಲಿಲ್ಲ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ತುಂಗೆಯ ಪಕ್ಕದ ತಿರುವುಗಳ ನಡುವೆ ಲಾರಿಯೊಂದನ್ನು ಹಿಂದೆ ಹಾಕಲು ಸಿಗುವುದು ಚಿಕ್ಕ ನೇರ. ಅಲ್ಲಿ ಗೇರ್ ಇಳಿಸಿ ಇಂಜಿನ್ ಕಿರುಚಿಸದೆ, ಮೂರನೆಯ ಗೇರಿನಲ್ಲೇ ಕಾಲೊತ್ತಿದರೆ 1,700 ಆರ್‌ಪಿಎಂನಿಂದಾಚೆ ಸಿಗುವ ಪೂರ್ತಿ ಟಾರ್ಕ್ ಕಾರನ್ನು ಸಲೀಸಾಗಿ ದಾಟಿಸುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದ ಕಡೆಯಿಂದ ಹತ್ತುವಾಗ ಎರಡನೆಯ ಗೇರೊಂದೇ ಸಾಕಾಗುತ್ತದೆ, ನಾಲ್ಕು ಜನ ಕುಳಿತಿದ್ದರೂ ಎಸಿ ಆಫ್ ಮಾಡುವ ಪ್ರಮೇಯ ಬರುವುದಿಲ್ಲ. ಆದರೆ ತಿರುವಿನ ಒಳಗೆ ವೇಗ ತೀರ ಕುಸಿದು ಟರ್ಬೊ ಮಲಗಿದರೆ ಅದು ಬರಿಯ ಒಂದು ಲೀಟರಿನ ಕಾರು. ಅದು ಎದ್ದೇಳುವವರೆಗೆ ಕಾಯುವ ತಾಳ್ಮೆಯೋ ಮೊದಲನೆಯ ಗೇರೋ ಬೇಕು. ಸ್ಟೀರಿಂಗ್ ಹಗುರ. ಓಡಿಸುವ ಖುಷಿಗೆಂದೇ ಕೊಳ್ಳುವವರು ಪೋಲೊವನ್ನೂ ಒಮ್ಮೆ ಓಡಿಸಿ ನೋಡಿ ನಿರ್ಧರಿಸುವುದು ಮೇಲು.

ಹತ್ತಿ ಮುಗಿದ ಮೇಲೆ ಒಂದು ಅಭ್ಯಾಸ ಬೇಕು. ಸೂರ್ಯಾಸ್ತ ನೋಡುವ ಜಾಗ ಘಟ್ಟದ ತುದಿಯಲ್ಲೇ ಇರುವುದರಿಂದ ಎಲ್ಲರೂ ಹತ್ತಿ ಬಂದವರೇ ಕಾರು ನಿಲ್ಲಿಸಿ ಕೀಲಿ ತಿರುಗಿಸುತ್ತಾರೆ. ಟರ್ಬೊದ ಬೇರಿಂಗಿಗೆ ಇಂಜಿನ್ ಆಯಿಲೇ ಆಧಾರ. ಇಂಜಿನ್ ನಿಂತ ಕ್ಷಣ ಹರಿವು ನಿಂತು, ಕಾದ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಗಸಿಯಾಗುತ್ತದೆ. ಒಂದೆರಡು ನಿಮಿಷ ಸುಮ್ಮನೆ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿದರೆ ಆಯಿತು. ಕೈಪಿಡಿ ಹೇಳಿದ ಗ್ರೇಡಿನ ಸಿಂಥೆಟಿಕ್ ಆಯಿಲನ್ನೇ ಬಳಸುತ್ತೇನೆ ಮತ್ತು ಕೈಪಿಡಿ ಹೇಳಿದ ಅವಧಿಗಿಂತ ಮೊದಲೇ ಬದಲಿಸುತ್ತೇನೆ. ಒಂದು ವರ್ಕ್‌ಶಾಪಿನಲ್ಲಿ ಸಾಮಾನ್ಯ ಬಲೆನೊ ಎಂದುಕೊಂಡು ಅದರ ಲೆಕ್ಕದಲ್ಲೇ ಫಿಲ್ಟರ್, ಪ್ಲಗ್ ತಂದಿಟ್ಟಿದ್ದರು. ಅಂದಿನಿಂದ ಜಾಬ್ ಕಾರ್ಡಿನಲ್ಲಿ ‘ಆರ್‌ಎಸ್, ಟರ್ಬೊ’ ಎಂದು ಬರೆಸಿ, ಬಿಡಿಭಾಗದ ನಂಬರ್ ನೋಡಿಯೇ ಸಹಿ ಹಾಕುತ್ತೇನೆ.

ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಸಿಂಪಡಣೆಯಾಗುವ ಇಂಜಿನ್ ಇದು. ಹಳೆಯ ಬಗೆಯ ಇಂಜಿನ್‌ಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೆ ಹರಿದು ಅದನ್ನು ತೊಳೆಯುತ್ತಿರುತ್ತದೆ. ಇಲ್ಲಿ ಆ ಭಾಗ್ಯವಿಲ್ಲದೆ, ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ವಾಲ್ವಿನ ಬೆನ್ನಿಗೆ ಅಂಟಿ ಮಸಿಗಟ್ಟುತ್ತದೆ. ಗೋಪಿ ವೃತ್ತದಿಂದ ದುರ್ಗಿಗುಡಿಗೆ, ಅಲ್ಲಿಂದ ಮನೆಗೆ ಎಂಬಂಥ ಚುಟುಕು ಓಡಾಟದಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲವಾದ್ದರಿಂದ ಇದು ಬೇಗ ಆಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಗಳನ್ನು ಇದಕ್ಕೆ ಮದ್ದೆಂದು ಮಾರುವವರನ್ನು ನಂಬಬೇಡಿ. ಅದು ಪೆಟ್ರೋಲಿನ ಜೊತೆ ಸಿಲಿಂಡರಿಗೆ ಹೋಗುತ್ತದೆಯೇ ಹೊರತು ಆ ವಾಲ್ವನ್ನು ಮುಟ್ಟುವುದೇ ಇಲ್ಲ. ಇಂಜಿನ್ನಿಗೆ ಗಾಳಿ ಸಾಗಿಸುವ ಕೊಳವೆಯಾದ ಮ್ಯಾನಿಫೋಲ್ಡ್ ಬಿಚ್ಚಿ ಕೈಯಿಂದಲೇ ಶುಚಿ ಮಾಡಿಸಬೇಕು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಸುರಿಯುತ್ತದೆ. ಪುನರ್ವಸು, ಪುಷ್ಯದ ದಿನಗಳಲ್ಲಿ ತೋಟದ ಮನೆಯಲ್ಲಿ ಕಾರು ಒಣಗುವುದೆಂಬುದೇ ಇಲ್ಲ. ಮೊದಲು ತೊಂದರೆ ಕೊಡುವುದು ತರಗೆಲೆ. ವೈಪರಿನ ಕೆಳಗಿನ ಜಾಲರಿಯೊಳಗೆ ಬಿದ್ದ ಎಲೆ ಕೊಳೆತು ನೀರಿಳಿಯುವ ತೂತನ್ನು ಮುಚ್ಚಿದರೆ, ಗಾಜಿನ ಮೇಲಿನ ನೀರೆಲ್ಲ ಬ್ಲೋವರ್ ದಾರಿಯಲ್ಲಿ ಒಳಗಿಳಿದು ಕಾರ್ಪೆಟ್ ನೆನೆಯುತ್ತದೆ. ಅದು ನೆನೆದದ್ದು ಗೊತ್ತಾಗುವ ಹೊತ್ತಿಗೆ ಸೀಟಿನ ಮೇಲೆ ಬೂಷ್ಟು ಹಿಡಿದಿರುತ್ತದೆ. ಜಾಲರಿ ಎತ್ತಿ ಎಲೆ ಬಾಚಿ ತೆಗೆಯುವುದು ಕಾಸಿನ ಖರ್ಚಿಲ್ಲದ ಕೆಲಸ, ವಾರಕ್ಕೊಮ್ಮೆ ಮಾಡುತ್ತೇನೆ. ಅಡಿ ಭಾಗಕ್ಕೆ ತುಕ್ಕು ತಡೆಯುವ ಲೇಪನವನ್ನು ಬೇಸಿಗೆಯಲ್ಲೇ, ಚಕ್ರದ ಗೂಡುಗಳ ಕೆಮ್ಮಣ್ಣು ತೊಳೆದು ಪೂರ್ತಿ ಒಣಗಿಸಿದ ಮೇಲೆ ಹಾಕಿಸಬೇಕು. ಒದ್ದೆ ಮಣ್ಣಿನ ಮೇಲೆ ಬಳಿದರೆ ತುಕ್ಕನ್ನು ಒಳಗಿಟ್ಟು ಬೀಗ ಹಾಕಿದಂತೆ. ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದರೆ ಬೆಚ್ಚಗಿನ ಇಂಜಿನ್ ಹುಡುಕಿ ಇಲಿ ಬರುತ್ತದೆ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಪ್ರಯೋಗಿಸಿ ನೋಡಿಯಾಗಿದೆ. ಫಲ ಕೊಟ್ಟಿದ್ದು ಬ್ಲೋವರ್ ಬಾಯಿಗೆ ಹಾಕಿಸಿದ ಸ್ಟೀಲ್ ಜಾಲರಿ ಮತ್ತು ರಾತ್ರಿ ಬಾನೆಟ್ ಎತ್ತಿಡುವುದು.

ಬ್ರೇಕಿಗೂ ಈ ತೇವವೇ ಶತ್ರು. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ, ಹೀರಿದಷ್ಟೂ ಅದು ಕುದಿಯುವ ಬಿಂದು ಕೆಳಗಿಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದಿದು ಪೆಡಲ್ ಮೆತ್ತಗಾಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸುವಂತಿಲ್ಲ. ಒಂದು ಲೀಟರಿನ ಇಂಜಿನ್ ಇಳಿಜಾರಿನಲ್ಲಿ ಹೆಚ್ಚು ಹಿಡಿತ ಕೊಡುವುದಿಲ್ಲವಾದ್ದರಿಂದ ಇಳಿಯುವಾಗಲೂ ಎರಡನೆಯ ಗೇರನ್ನೇ ಇಟ್ಟುಕೊಳ್ಳುತ್ತೇನೆ. ಹಿಂದಿನ ಡಿಸ್ಕ್‌ಗಳ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಪಿನ್ ಮಳೆಗಾಲದಲ್ಲಿ ಗ್ರೀಸ್ ಇಲ್ಲದಂತಾಗಿ ಬಿಗಿಯಾಗುತ್ತದೆ, ಮಳೆಗಾಲ ಮುಗಿದ ಕೂಡಲೇ ಬಿಚ್ಚಿ ಗ್ರೀಸ್ ಹಾಕಿಸಬೇಕು. ತೋಟದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಕ್ಷೇಮ.

ಮೈಲೇಜ್ ಹೆದ್ದಾರಿಯಲ್ಲಿ ಲೀಟರಿಗೆ ಹದಿನೇಳರ ಆಸುಪಾಸು, ಘಟ್ಟದಲ್ಲಿ ಹನ್ನೆರಡು ಹದಿಮೂರು, ಊರಿನೊಳಗೆ ಅದರ ಸುತ್ತಮುತ್ತ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಈ ಕಾರು ತಯಾರಾದದ್ದು ಅದಕ್ಕೂ ಬಹಳ ಮೊದಲು. ಎಥೆನಾಲಿನ ಶಾಖದ ಅಂಶ ಪೆಟ್ರೋಲಿಗಿಂತ ಕಡಿಮೆ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ನನಗೆ ಹೆಚ್ಚು ಮುಖ್ಯವಾದದ್ದು ಹಳೆಯ ರಬ್ಬರ್ ಹೋಸ್‌ಗಳು, ಪ್ರತಿ ಸರ್ವಿಸ್‌ನಲ್ಲೂ ಅವುಗಳ ಬಿರುಕು ನೋಡಿಸುತ್ತೇನೆ. 16 ಇಂಚಿನ, 55 ಪ್ರೊಫೈಲಿನ, ಅಂದರೆ ಪಕ್ಕದ ಎತ್ತರ ಕಡಿಮೆ ಇರುವ ಟೈರು ಹೊಂಡಕ್ಕೆ ಬಿದ್ದರೆ ಪಕ್ಕ ಉಬ್ಬುತ್ತದೆ, ನಾಲ್ಕನ್ನೂ ಒಟ್ಟಿಗೆ ಬದಲಿಸುವ ಹಣ ಮೊದಲೇ ತೆಗೆದಿಡುವುದು ಒಳ್ಳೆಯದು. ಸಮಗ್ರ ವಿಮೆ ಮಾಡಿಸಿದರೂ ನೀರು ಹೀರಿ ಇಂಜಿನ್ ಕೆಟ್ಟರೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಅದಕ್ಕೆ ಪ್ರತ್ಯೇಕ ಇಂಜಿನ್ ರಕ್ಷಣೆಯ ಆಡ್-ಆನ್ ಇದೆ. ಹಳ್ಳ ಉಕ್ಕಿ ರಸ್ತೆಗೆ ಬರುವ ನಮ್ಮ ಕಡೆ ಅದು ದುಬಾರಿಯಲ್ಲ, ಆದರೆ ಗಾಡಿ ಹಳೆಯದಾದಂತೆ ಎಲ್ಲ ಕಂಪನಿಗಳೂ ಅದನ್ನು ಕೊಡುವುದಿಲ್ಲ. ಕಾರಿನ ಮಾತು ಮುಗಿಸುವ ಮೊದಲೇ ವಿಮೆಯವರನ್ನು ಕೇಳಿಟ್ಟುಕೊಳ್ಳಿ.

ನನ್ನ ಕಾರಿನಲ್ಲಿ ಈಗ ಬಾಕಿ ಇರುವುದು ವಾಲ್ವಿನ ಮಸಿ ತೆಗೆಸುವ ಕೆಲಸ ಮತ್ತು ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಭಾಗಗಳಾದ ಲೋವರ್ ಆರ್ಮ್ ಬುಷ್‌ಗಳು. ಎರಡನ್ನೂ ಅಡಿಕೆ ಕೊಯ್ಲು ಮುಗಿದು ಕಾರಿಗೆ ಬಿಡುವು ಸಿಕ್ಕಾಗ ಮಾಡಿಸುವುದೆಂದು ಮೆಕ್ಯಾನಿಕ್‌ಗೆ ಹೇಳಿದ್ದೇನೆ. ಬುಷ್ ಅಂಗಡಿಯಲ್ಲೇ ಇದೆ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್‌ಗೆ ಈಗಲೇ ಆರ್ಡರ್ ಹಾಕಿಯಾಗಿದೆ.