ಖಾಲಿ ಪುಟವೋ, ಚದುರಿದ ಸಾಲುಗಳೋ, ಊಹೆಯೋ: ಪ್ರೋಗ್ರಾಮಿಂಗ್ ಕಲಿಕೆಯ ಮೂರು ಅಭ್ಯಾಸಗಳ ಹೋಲಿಕೆ

ಪ್ರೋಗ್ರಾಮಿಂಗ್ ಕಲಿಯಲು ಆಗತಾನೇ ಬಂದವರಿಗೆ ಸಮಸ್ಯೆಯನ್ನು ಹೇಳಿ, ಖಾಲಿ ಪುಟವನ್ನು ಮುಂದಿಟ್ಟು, ಪ್ರೋಗ್ರಾಂ ಬರೆಯಿರಿ ಎನ್ನುವುದು ನಮ್ಮಲ್ಲಿ ಹಳೆಯ ರೂಢಿ. ಮೈಕೆಲ್ ಮೆಕ್ರ್ಯಾಕನ್ ಅವರ ನೇತೃತ್ವದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವು ಈ ರೂಢಿಯನ್ನು ಅನುಮಾನದಿಂದ ನೋಡುವಂತೆ ಮಾಡಿತು. ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಸಣ್ಣ ಕ್ಯಾಲ್ಕುಲೇಟರ್ ಪ್ರೋಗ್ರಾಂಗಳನ್ನು ಬರೆಯಲು ಕೊಟ್ಟಾಗ ಅವರು ಗಳಿಸಿದ ಸರಾಸರಿ ಅಂಕ 110ಕ್ಕೆ 22.89 ಮಾತ್ರ. ಮೂರು ವರ್ಷಗಳ ಬಳಿಕ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು, ಬರೆಯುವುದಂತಿರಲಿ, ಎದುರಿಗಿರುವ ಕೋಡನ್ನು ಓದಿ ಅದರ ಫಲಿತಾಂಶ ಹೇಳುವುದರಲ್ಲಿಯೇ ಅನೇಕರು ಎಡವುತ್ತಾರೆಂದು ತೋರಿಸಿದರು. ಇವುಗಳನ್ನು ಓದಿದ ಮೇಲೆ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಸಿ ಭಾಷೆ ಕಲಿಸುವಾಗ ನಾನು ಮೂರು ಬಗೆಯ ಅಭ್ಯಾಸಗಳನ್ನು ಅಕ್ಕಪಕ್ಕದಲ್ಲಿಟ್ಟು ಬಳಸಿ ನೋಡಿದ್ದೇನೆ.

ಖಾಲಿ ಪುಟದ ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಬ್ ಅವಧಿಯ ಬಹುಪಾಲು ಸೆಮಿಕೋಲನ್ ಮತ್ತು ಆವರಣ ಚಿಹ್ನೆಗಳನ್ನು ಹುಡುಕುವುದರಲ್ಲಿಯೇ ಕಳೆದುಹೋಗುತ್ತದೆ. ಆ ಗೋಜಿಗೆ ಹೋಗದವರು ಹಿರಿಯರ ಲ್ಯಾಬ್ ರೆಕಾರ್ಡಿನಿಂದ ನಕಲು ಮಾಡಿರುತ್ತಾರೆ. ಯಾರಿಗೆ ಏನು ತಿಳಿದಿಲ್ಲವೆಂಬುದು ಅಧ್ಯಾಪಕರಿಗೆ ಕೊನೆಗೂ ಗೊತ್ತಾಗುವುದಿಲ್ಲ.

ಎರಡನೆಯದು ಪಾರ್ಸನ್ಸ್ ಒಗಟು. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಪರಿಚಯಿಸಿದ ಈ ಕ್ರಮದಲ್ಲಿ ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕಲೆಸಿ ಕೊಡಲಾಗುತ್ತದೆ. ಅವನ್ನು ತಕ್ಕ ಕ್ರಮದಲ್ಲಿ ಜೋಡಿಸುವುದಷ್ಟೇ ವಿದ್ಯಾರ್ಥಿಯ ಕೆಲಸ. ಇದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ. ಸಾಲುಗಳನ್ನು ಮುದ್ರಿಸಿ, ಕತ್ತರಿಸಿ, ಪಟ್ಟಿಗಳನ್ನು ಇಬ್ಬಿಬ್ಬರಿಗೆ ಒಂದು ಕಟ್ಟಿನಂತೆ ಹಂಚುತ್ತೇನೆ. ಒಂದು ಸಂಖ್ಯೆಯ ಅಂಕೆಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಮನ್ನೇ ನೋಡಿ. ಲೂಪಿನೊಳಗೆ, ಅಂದರೆ ಮತ್ತೆ ಮತ್ತೆ ನಡೆಯುವ ಭಾಗದಲ್ಲಿ, ಎರಡೇ ಸಾಲು: ಕೊನೆಯ ಅಂಕೆಯನ್ನು ಮೊತ್ತಕ್ಕೆ ಕೂಡಿಸುವುದು, ಬಳಿಕ ಸಂಖ್ಯೆಯನ್ನು ಹತ್ತರಿಂದ ಭಾಗಿಸಿ ಶೇಷವನ್ನು ಬಿಡುವುದು. ಇವೆರಡನ್ನು ತಿರುಗುಮುರುಗು ಇಟ್ಟವರಿಗೆ 253ಕ್ಕೆ 10 ಬರುವ ಬದಲು 7 ಬರುತ್ತದೆ, ಏಕೆಂದರೆ ಕೊನೆಯ 3 ಲೆಕ್ಕಕ್ಕೆ ಸಿಗುವ ಮೊದಲೇ ಉದುರಿಹೋಗಿರುತ್ತದೆ. ಆ 3 ಎಲ್ಲಿ ಹೋಯಿತೆಂದು ಡೆಸ್ಕಿನ ಮೇಲೆ ಪಟ್ಟಿಗಳನ್ನು ಸರಿಸುತ್ತಾ ಇಬ್ಬರು ವಾದಿಸುವಾಗ ಲೂಪಿನ ಬಗ್ಗೆ ನಡೆಯುವ ಚರ್ಚೆ, ನನ್ನ ಯಾವ ಉಪನ್ಯಾಸದಲ್ಲಿಯೂ ನಡೆದದ್ದಿಲ್ಲ. ಬಾರ್ಬರಾ ಎರಿಕ್ಸನ್ ಮತ್ತು ಸಂಗಡಿಗರು 2017ರಲ್ಲಿ, ಕೋಡ್ ಬರೆಯುವುದಕ್ಕಿಂತ ಅಥವಾ ತಪ್ಪು ತಿದ್ದುವುದಕ್ಕಿಂತ ಒಗಟು ಬಿಡಿಸಲು ಕಡಿಮೆ ಸಮಯ ಸಾಕಾಗುತ್ತದೆಂದೂ ಕಲಿಕೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲವೆಂದೂ ವರದಿ ಮಾಡಿದರು. ಸಮಯದ ಮಟ್ಟಿಗಂತೂ ನನ್ನ ಅನುಭವವೂ ಅದೇ.

ಆದರೆ ಒಗಟಿಗೊಂದು ದೌರ್ಬಲ್ಯವಿದೆ. ಅರ್ಥವಾಗದಿದ್ದರೂ ಆವರಣ ಚಿಹ್ನೆ ಮತ್ತು ಇಂಡೆಂಟ್ (ಸಾಲಿನ ಆರಂಭದಲ್ಲಿ ಬಿಟ್ಟ ಜಾಗ) ನೋಡಿಕೊಂಡೇ ಸಾಲುಗಳನ್ನು ಜೋಡಿಸುವ ಜಾಣರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಬೇಡದ ಒಂದೆರಡು ತಪ್ಪು ಸಾಲುಗಳನ್ನು ಸೇರಿಸಿದರೆ ಈ ಜಾಣತನ ಸ್ವಲ್ಪ ತಗ್ಗುತ್ತದೆ. ಹೆಚ್ಚು ಸೇರಿಸಿದರೆ ಹಿಂದುಳಿದವರು ಕೈಚೆಲ್ಲುತ್ತಾರೆ.

ಮೂರನೆಯದು ಊಹೆಯಿಂದ ಆರಂಭವಾಗುವ ಕ್ರಮ. ಇಂಗ್ಲೆಂಡಿನ ಸೂ ಸೆಂಟೆನ್ಸ್ ಮತ್ತು ಸಹೋದ್ಯೋಗಿಗಳು ರೂಪಿಸಿದ, ಪ್ರಿಮ್ ಎಂದು ಕರೆಯಲಾಗುವ ಇದರಲ್ಲಿ ಐದು ಹಂತಗಳಿವೆ: ಕೊಟ್ಟ ಪ್ರೋಗ್ರಾಂ ಏನು ಮಾಡುತ್ತದೆಂದು ಊಹಿಸುವುದು, ರನ್ ಮಾಡಿ ನೋಡುವುದು, ಸಾಲುಸಾಲಾಗಿ ಪರಿಶೀಲಿಸುವುದು, ಮಾರ್ಪಡಿಸುವುದು, ಕೊನೆಗೆ ಸ್ವಂತದ್ದನ್ನು ರಚಿಸುವುದು. ಊಹೆಯನ್ನು ಬಾಯಲ್ಲಿ ಹೇಳಿಸದೆ ಕಾಗದದಲ್ಲಿ ಬರೆಸುವುದೇ ಇದರ ಜೀವಾಳ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಾಯಲ್ಲಿ ಹೇಳಿದ್ದನ್ನು ಔಟ್‌ಪುಟ್ ಬಂದೊಡನೆ ಎಲ್ಲರೂ ಬದಲಾಯಿಸಿಬಿಡುತ್ತಾರೆ. ವೇರಿಯಬಲ್ ಎಂದರೆ ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರು; ‘ಎ’ ಎಂಬ ವೇರಿಯಬಲ್‌ನಲ್ಲಿ 5, ‘ಬಿ’ಯಲ್ಲಿ 7 ಇರುವಾಗ, ಮೊದಲು ಬಿಯ ಬೆಲೆಯನ್ನು ಎಗೆ, ನಂತರ ಎಯ ಬೆಲೆಯನ್ನು ಬಿಗೆ ನೀಡಿದರೆ ಏನಾಗುತ್ತದೆಂದು ಕೇಳಿ. ಬೆಲೆಗಳು ಅದಲುಬದಲಾಗುತ್ತವೆಂದು ಬರೆಯುವವರು ಕಡಿಮೆಯೇನಲ್ಲ. ಪರದೆಯ ಮೇಲೆ ಎರಡೂ 7 ಎಂದು ಬಂದಾಗ, ಎಯ ಹಳೆಯ 5 ಅಳಿಸಿಹೋಯಿತೆಂಬ ಸಂಗತಿ ಮನದಟ್ಟಾಗುತ್ತದೆ, ಮೂರನೆಯ ವೇರಿಯಬಲ್ ಏಕೆ ಬೇಕೆಂದು ನಾನು ವಿವರಿಸಬೇಕಾಗುವುದಿಲ್ಲ. ವೇರಿಯಬಲ್ ಬಗೆಗಿನ ಇಂತಹ ತಪ್ಪು ಕಲ್ಪನೆಯನ್ನು ಪಾರ್ಸನ್ಸ್ ಒಗಟು ಇಷ್ಟು ನೇರವಾಗಿ ಹೊರಗೆಳೆಯುವುದಿಲ್ಲ. ಕೊರತೆಯೆಂದರೆ, ಪ್ರಿಮ್ ನಿಧಾನ. ಪರಿಶೀಲನೆಯ ಹಂತಕ್ಕೆ ಒಳ್ಳೆಯ ಪ್ರಶ್ನೆಗಳನ್ನು ತಯಾರಿಸಲು ಅಧ್ಯಾಪಕರ ಸಂಜೆಗಳು ಖರ್ಚಾಗುತ್ತವೆ.

ಹಾಗಾಗಿ ವೇರಿಯಬಲ್ ಮತ್ತು ಷರತ್ತುಗಳ ಪಾಠಕ್ಕೆ ನಾನು ಊಹೆಯನ್ನೇ ಆರಿಸಿಕೊಳ್ಳುತ್ತೇನೆ. ಲೂಪಿಗೆ ಬಂದಾಗ ಪಾರ್ಸನ್ಸ್ ಒಗಟು ಮೇಲು, ಅದರಲ್ಲಿಯೂ ಕಂಪ್ಯೂಟರ್‌ಗಳ ಸಂಖ್ಯೆ ವಿದ್ಯಾರ್ಥಿಗಳಿಗಿಂತ ಕಡಿಮೆಯಿರುವ ಕಡೆ. ಖಾಲಿ ಪುಟವನ್ನು ಪೂರ್ತಿ ಕೈಬಿಡಲಾಗದು, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಆದರೆ ಆಗಷ್ಟೇ ಜೋಡಿಸಿದ ಒಗಟನ್ನು ಮಗುಚಿಟ್ಟು, ಅದನ್ನೇ ಸ್ವಲ್ಪ ಬದಲಿಸಿ ಬರೆಯಿರಿ ಎಂದಾಗ ಬರೆಯುವವರ ಪೆನ್ನು ಅಷ್ಟಾಗಿ ನಿಲ್ಲುವುದಿಲ್ಲ. ಒಗಟನ್ನು ಕಿರುಪರೀಕ್ಷೆಗೆ ಬಳಸುವವರು ಮಾತ್ರ ಮೊದಲೇ ಒಂದು ವಿಷಯ ನೋಡಿಕೊಳ್ಳಬೇಕು: ಅಂಕೆಗಳ ಮೊತ್ತದ ಪ್ರೋಗ್ರಾಮಿನಲ್ಲಿ, ಆರಂಭದಲ್ಲಿ ಮೊತ್ತಕ್ಕೆ ಸೊನ್ನೆ ಕೊಡುವ ಸಾಲು ಸಂಖ್ಯೆಯನ್ನು ಓದಿಕೊಳ್ಳುವ ಸಾಲಿನ ಮುಂದಿದ್ದರೂ ಹಿಂದಿದ್ದರೂ ಪ್ರೋಗ್ರಾಂ ಸರಿಯೇ, ಆದ್ದರಿಂದ ಉತ್ತರ ಪತ್ರಿಕೆಯ ಕೀಲಿಯಲ್ಲಿ ಎರಡೂ ಕ್ರಮಗಳಿಗೆ ಪೂರ್ಣ ಅಂಕವಿರಬೇಕು.